ಅವರು ಬಿಟ್ಟಿದ್ದ ದನಿ

ನ್ಯೂಜೆರ್ಸಿಯ ನಮ್ಮ ಕನ್ನಡ ಕೂಟದ ನಾಟಕಗಳಲ್ಲಿ ನನಗೆ ಸಿಗುತ್ತಿದ್ದದ್ದು ಕೆಲಸದವಳ ಪಾತ್ರ ಒಂದೇ. ಅದಕ್ಕೆ ಕಾರಣ ನನ್ನ ಮುಖವಲ್ಲ, ನನ್ನ ಊರು. ನಾನು ಗದಗಿನ ಕಡೆಯವಳು. ಕೂಟದಲ್ಲಿ ಮೈಸೂರು, ಬೆಂಗಳೂರು, ಹಾಸನದವರೇ ಹೆಚ್ಚು. ಅವರು ಆಡಿಸುವ ನಾಟಕದಲ್ಲಿ ಯಜಮಾನ, ಯಜಮಾನಿ, ಪ್ರೀತಿಸುವ ಹುಡುಗ ಹುಡುಗಿ ಎಲ್ಲರೂ ಬೆಂಗಳೂರು ಕನ್ನಡ ಮಾತಾಡುತ್ತಿದ್ದರು. ಪಾತ್ರೆ ತಿಕ್ಕುವವಳು, ಕುಡುಕ, ಪೆದ್ದ ಪೊಲೀಸ್ ಮಾತ್ರ ಅದು ಹೇಗೋ ಧಾರವಾಡದ ಕಡೆಯಿಂದ ಬಂದಿರುತ್ತಿದ್ದರು.

"ನಿಮ್ ಭಾಷೇಲೇ ಒಂದು ಮಜಾ ಇದೆ ಮೇಡಂ. ನೀವು ಸ್ಟೇಜ್ ಮೇಲೆ ಬಂದು ಬಾಯಿ ಬಿಟ್ರೆ ಸಾಕು, ಜನ ಬಿದ್ದು ಬಿದ್ದು ನಗ್ತಾರೆ," ಎಂದು ಕೂಟದ ಅಧ್ಯಕ್ಷರು ಹೇಳುತ್ತಿದ್ದರು. ಹೊಗಳುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ನಾನೂ ಹಲ್ಲು ಕಿರಿದು ಸುಮ್ಮನಾಗುತ್ತಿದ್ದೆ, ಒಳಗೆ ಮೈ ಉರಿಯುತ್ತಿತ್ತು. ನಮ್ಮವ್ವ ಸತ್ತಾಗ ನಾನು ಅತ್ತದ್ದು ಇದೇ ಭಾಷೆಯಲ್ಲಿ. ಇವರಿಗೆ ಅದರಲ್ಲಿ ನಗುವಂಥದ್ದು ಏನು ಕಾಣುತ್ತದೋ ನನಗೆ ಇಂದಿಗೂ ತಿಳಿದಿಲ್ಲ.

ಸುಮ್ಮನಿರಲು ಇನ್ನೊಂದು ಕಾರಣವಿತ್ತು. ಅಧ್ಯಕ್ಷರು ನನ್ನ ಗಂಡನ ಕಂಪನಿಯ ಮಾಲೀಕರೂ ಆಗಿದ್ದರು. ಐಸೆಲಿನ್‌ನಲ್ಲಿ, ಒಂದು ಮಿಠಾಯಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರ ಕನ್ಸಲ್ಟಿಂಗ್ ಕಂಪನಿ ಇತ್ತು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳು ಕೆಡುತ್ತವೆಂದು ಎಲ್ಲರೂ ಹೆದರಿದ್ದ ವೈ-ಟು-ಕೆ ಕಾಲವದು. ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಬಲ್ಲವರನ್ನು ಹುಬ್ಬಳ್ಳಿಯಿಂದಲೂ ಹುಡುಕಿ ಕರೆತರುತ್ತಿದ್ದರು, ನನ್ನ ಗಂಡ ಹಾಗೆ ಬಂದವರು. ವೀಸಾ ಅಧ್ಯಕ್ಷರ ಕೈಯಲ್ಲಿ, ಗ್ರೀನ್ ಕಾರ್ಡಿಗೆ ಸಹಿ ಹಾಕಬೇಕಾದವರೂ ಅವರೇ. ನಾನು ಗಂಡನ ವೀಸಾ ನೆಚ್ಚಿ ಬಂದ ಡಿಪೆಂಡೆಂಟ್, ಎಂ.ಎ. ಮಾಡಿದ್ದರೂ ಕೆಲಸ ಮಾಡುವಂತಿರಲಿಲ್ಲ. ಆದ್ದರಿಂದ ಅಧ್ಯಕ್ಷರು ಪೊರಕೆ ಹಿಡಿ ಎಂದರೆ ನಾನು ಸ್ಟೇಜಿನ ಮೇಲೆ ಪೊರಕೆ ಹಿಡಿಯುತ್ತಿದ್ದೆ.

ಆ ಪೊರಕೆಯಿಂದಲೇ ಕೆಳಗಿನ ಮನೆಯವರ ಪರಿಚಯವಾಯಿತು. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ನಿಂತು ಮಾತು ಬಾಯಿಪಾಠ ಮಾಡುತ್ತಿದ್ದೆ. ಯಜಮಾನಿಯನ್ನು ಬೈಯುವ ಮಾತು, ದನಿ ಸ್ವಲ್ಪ ಜೋರೇ ಇತ್ತು. ಯಾರೋ ಬಾಗಿಲು ತಟ್ಟಿದರು. ತೆರೆದರೆ ಕೆಳಗಿನ ಅಪಾರ್ಟ್‌ಮೆಂಟಿನ ಹಿರಿಯ ಹೆಂಗಸು. ಸಣ್ಣ ಮೈಕಟ್ಟು, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು. ನಾವೆಲ್ಲ ಅವರನ್ನು ಚೀನಾದವರು ಎಂದುಕೊಂಡಿದ್ದೆವು. ಗದ್ದಲದ ಬಗ್ಗೆ ದೂರು ಹೇಳಲು ಬಂದಿದ್ದಾರೆಂದು ನಾನು ಸಾರಿ ಹೇಳಲು ಶುರು ಮಾಡಿದೆ.

"ಯಾವ ನಾಟಕ?" ಎಂದು ಅವರು ಕೇಳಿದರು. ಅವರಿಗೆ ಬರುತ್ತಿದ್ದದ್ದು ಇಂಗ್ಲಿಷ್ ಒಂದೇ, ಅವರ ಮಾತನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾಟಕವೆಂದು ಹೇಗೆ ಗೊತ್ತಾಯಿತು ಎಂದೆ.

"ನಿಜವಾಗಿ ಜಗಳವಾಡುವವರು ಒಂದೇ ಮಾತನ್ನು ನಾಲ್ಕಾರು ರೀತಿಯಲ್ಲಿ ಹೇಳಿ ನೋಡುವುದಿಲ್ಲ," ಎಂದರು. ಆಮೇಲೆ, "ಇನ್ನೊಂದು ಸಲ ಹೇಳು," ಎಂದರು. ಹೇಳಿದೆ. ಅವರು ತಲೆ ಓರೆ ಮಾಡಿ ಕೇಳಿದರು. "ಇದು ನೀನು ಮಾತಾಡುವ ರೀತಿಯೋ, ಅವರು ಹೇಳಿಸುವ ರೀತಿಯೋ?"

ನನ್ನದೇ, ಆದರೆ ನಗು ಬರಲಿ ಎಂದು ಎಳೆದು ಎಳೆದು ಕೆಡಿಸಿದ್ದು ಎಂದೆ. ಅದುವರೆಗೆ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಅವರು ಕರೆಯದೆಯೇ ಒಳಗೆ ಬಂದು ಡೈನಿಂಗ್ ಟೇಬಲಿನ ಕುರ್ಚಿಯಲ್ಲಿ ಕೂತರು. ನಾನು ಊರಿಂದ ಬಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಇಟ್ಟೆ. ರೊಟ್ಟಿಯನ್ನು ಕುರುಕುರು ಎನಿಸಿ ತಿಂದು ಇನ್ನೊಂದು ಕೇಳಿದರು. ಅಂದಿನಿಂದ ಅವರು ನನಗೂ ನನ್ನ ಮಗಳಿಗೂ ಆಂಟಿ.

ಮಗಳು ಆಗ ಸೆಕೆಂಡ್ ಗ್ರೇಡ್. ಶಾಲೆಯ ಬಸ್ಸಿನಿಂದ ಇಳಿದವಳು ಮೇಲೆ ಬರದೆ ನೇರ ಆಂಟಿಯ ಮನೆಗೆ ಹೋಗುತ್ತಿದ್ದಳು. ನಾನು ಕರೆಯಲು ಹೋದರೆ ಇಬ್ಬರೂ ಸೋಫಾದಲ್ಲಿ ಕಾಲು ಮಡಚಿ ಕೂತು ಕಥೆಪುಸ್ತಕ ಓದುತ್ತಿರುತ್ತಿದ್ದರು. ಆಂಟಿ ಓದುವಾಗ ಕರಡಿಗೆ ಒಂದು ದನಿ, ಮೊಲಕ್ಕೆ ಒಂದು ದನಿ. ತಮ್ಮ ಮಾತಿಗೆ ಬಂದರೆ ಮಾತ್ರ ಅಪ್ಪಟ ದಕ್ಷಿಣ ಜೆರ್ಸಿಯ ದನಿ, ತುಸು ಒರಟು, ಗಡಿಬಿಡಿಯದು. ಕಣ್ಣು ಮುಚ್ಚಿ ಕೇಳಿದರೆ ಟೋಲ್ ಬೂತಿನಲ್ಲಿ ಚಿಲ್ಲರೆ ತೆಗೆದುಕೊಳ್ಳುವ ಯಾವುದೋ ಬಿಳಿ ಹೆಂಗಸು ಎನ್ನಬೇಕು.

ಆಂಟಿಯ ಬದುಕು ನನಗೆ ಹೀಗೆ ಮಧ್ಯಾಹ್ನದ ಚಹಾದ ಜೊತೆ ಚೂರುಚೂರಾಗಿ ಗೊತ್ತಾಯಿತು. ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ಅಪ್ಪ, ಅಮ್ಮ ಜಪಾನಿನಿಂದ ಬಂದು ಬೇರೆಯವರ ಹೊಲದಲ್ಲಿ ಸ್ಟ್ರಾಬೆರಿ ಬೆಳೆಯುತ್ತಿದ್ದರು. ಇವರಿಗೆ ಹತ್ತು ವರ್ಷವಾಗುವ ಹೊತ್ತಿಗೆ ಜಪಾನಿನ ಜೊತೆ ಯುದ್ಧ ಶುರುವಾಯಿತು. ಜಪಾನಿನ ಮುಖದವರನ್ನೆಲ್ಲ ಸರ್ಕಾರ ಮನೆಯಿಂದ ಎಬ್ಬಿಸಿ ಮರುಭೂಮಿಯ ಶಿಬಿರಗಳಿಗೆ ಸಾಗಿಸಿತು. ಸುತ್ತ ಮುಳ್ಳುತಂತಿ, ಮೂಲೆಯಲ್ಲಿ ಕಾವಲು ಗೋಪುರ, ಅನ್ನದ ತಟ್ಟೆಯಲ್ಲೂ ಮರಳು. ಹೊರಡುವ ಮುನ್ನ ಅಮ್ಮ ಹಿತ್ತಲಲ್ಲಿ ಬೆಂಕಿ ಹಾಕಿ ಜಪಾನಿನ ಬಟ್ಟೆ, ಬೊಂಬೆ, ಅಜ್ಜಿಯ ಫೋಟೋ ಎಲ್ಲ ಸುಟ್ಟರಂತೆ. "ನನಗೆ ಜಪಾನಿನ ಬಗ್ಗೆ ಗೊತ್ತಿದ್ದದ್ದೆಲ್ಲ ಆ ಬೆಂಕಿಯಲ್ಲಿ ಹೋಯಿತು. ಆದರೂ ನನ್ನನ್ನು ಜಪಾನಿನವಳೆಂದು ಒಳಗೆ ಕೂಡಿಹಾಕಿದರು," ಎಂದು ಆಂಟಿ ಹೇಳಿದರು. ನಾನು ಅಮೆರಿಕಕ್ಕೆ ಬಂದು ಅಷ್ಟು ವರ್ಷವಾದರೂ ಈ ಸಂಗತಿ ನನಗೆ ತಿಳಿದಿರಲಿಲ್ಲ.

ಬಿಡುಗಡೆಯ ಹೊತ್ತಿಗೆ ಹಳೆಯ ಹೊಲ ಇರಲಿಲ್ಲ. ದಕ್ಷಿಣ ಜೆರ್ಸಿಯ ಒಂದು ತರಕಾರಿ ಕಾರ್ಖಾನೆಯವರು ಆಳು ಬೇಕೆಂದು ಶಿಬಿರಕ್ಕೇ ಬಂದು ಕರೆದೊಯ್ದರು. ಬೀನ್ಸ್, ಪಾಲಕ್ ತೊಳೆದು ಹಿಮಗಟ್ಟಿಸಿ ಡಬ್ಬಕ್ಕೆ ತುಂಬುವ ಕೆಲಸ. ಅಪ್ಪ, ಅಮ್ಮ ಪಾಳಿಯಲ್ಲಿ ನಿಂತು ದುಡಿದರು, ಆಂಟಿ ಅಲ್ಲಿನ ಶಾಲೆಯಲ್ಲಿ ಓದಿದರು. ಹೈಸ್ಕೂಲಿನ ನಾಟಕದಲ್ಲಿ ಟೀಚರು ಇವರಿಗೆ ರೈತನ ಹೆಂಡತಿಯ ಪಾತ್ರ ಕೊಟ್ಟರು, ಮುಖ್ಯ ಪಾತ್ರ. ತಮ್ಮ ದನಿಯಲ್ಲೇ ಆಡಿದರು. ಯಾರೂ ನಗಲಿಲ್ಲ, ಕೆಲವರು ಕಣ್ಣೊರೆಸಿಕೊಂಡರು. ಆ ರುಚಿ ಹಿಡಿದೇ ಅವರು ಬಸ್ಸು ಹತ್ತಿ ನ್ಯೂಯಾರ್ಕಿಗೆ ಹೋದದ್ದು, ಸಣ್ಣಪುಟ್ಟ ನಾಟಕ ಮಾಡಿದ್ದು, ಅಲ್ಲಿಂದ ಯಾರದೋ ಕಣ್ಣಿಗೆ ಬಿದ್ದು ಸಿನಿಮಾಕ್ಕೆ ಹೋದದ್ದು.

ಮೊದಲ ಚಿತ್ರದಲ್ಲಿ ಅವರಿಗೆ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿನ ಪಾತ್ರ. ಮಾತು ಓದಿ ಹೇಳಿದರು. ನಿರ್ದೇಶಕ, "ಚೆನ್ನಾಗಿದೆ. ಈಗ ನಿನ್ನ ದನಿಯಲ್ಲಿ ಹೇಳು," ಎಂದ. ಇದೇ ನನ್ನ ದನಿ ಎಂದರೆ ಅಲ್ಲಿದ್ದವರೆಲ್ಲ ನಕ್ಕರಂತೆ. ಕೊನೆಗೆ ಒಬ್ಬ ಬಿಳಿ ಹೆಂಗಸನ್ನು ಗೊತ್ತು ಮಾಡಿ, ಜಪಾನಿನವರು ಇಂಗ್ಲಿಷನ್ನು ಹೇಗೆ ಒಡೆದು ಮಾತಾಡಬೇಕು ಎಂಬುದನ್ನು ಇವರಿಗೆ ಕಲಿಸಿದರು. ಆ ಟೀಚರು ಜಪಾನು ನೋಡಿದವಳೇ ಅಲ್ಲ. ಆಂಟಿ ಕಲಿತರು. ನರ್ಸು, ಗೂಢಚಾರಿಣಿ, ಚಹಾ ಬಗ್ಗಿಸುವವಳು, ಸೈನಿಕನಿಗಾಗಿ ಕಾಯುವವಳು, ಟೀವಿ ಪತ್ತೇದಾರಿ ಕಥೆಯಲ್ಲಿ ಹೆಣ ಕಂಡು ಕಿರುಚುವ ಕೆಲಸದವಳು, ಎಲ್ಲವನ್ನೂ ಅದೇ ದನಿಯಲ್ಲಿ ಆಡಿದರು. ಹೆಸರು ಬಂತು.

ಒಂದು ಚಿತ್ರ ಆ ಕಾರ್ಖಾನೆಯ ಊರಿಗೂ ಬಂತು. ಅಮ್ಮ ಪಾಳಿ ಮುಗಿಸಿ, ಏಪ್ರನ್ ಬಿಚ್ಚಿಟ್ಟು, ಥಿಯೇಟರಿನ ಮುಂದಿನ ಸಾಲಿನಲ್ಲಿ ಹೋಗಿ ಕೂತರು. ಹೊರಗೆ ಬಂದ ಮೇಲೆ ಮಗಳನ್ನು ಕೇಳಿದ್ದು ಒಂದೇ ಮಾತು. "ಆ ಹೆಂಗಸು ಯಾವ ಊರಿನವಳು? ನಮ್ಮವರು ಯಾರೂ ಹಾಗೆ ಮಾತಾಡುವುದಿಲ್ಲವಲ್ಲ."

ಅಮ್ಮ ತೀರಿಕೊಂಡ ಮೇಲೆ ಆಂಟಿ ತಮ್ಮ ಏಜೆಂಟಿಗೆ ಹೇಳಿದರು, ಯಾವ ಪಾತ್ರವಾದರೂ ಮಾಡುತ್ತೇನೆ, ಆ ದನಿ ಮಾತ್ರ ಮಾಡುವುದಿಲ್ಲ ಎಂದು. ಫೋನು ಬರುವುದೇ ನಿಂತುಹೋಯಿತು. ಜೆರ್ಸಿಗೆ ಮರಳಿ ಒಂದು ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿ, ನಿವೃತ್ತಿಯಾಗುವವರೆಗೂ ಮಕ್ಕಳಿಗೆ ಕಥೆ ಓದಿ ಹೇಳಿದರು. "ಆ ದನಿ ನನ್ನ ಬಾಯಿಂದ ಇನ್ನು ಬರುವುದಿಲ್ಲ," ಎಂದರು. ಇದನ್ನು ಹೇಳುವಾಗ ಅವರು ಅಳಲಿಲ್ಲ, ಎದ್ದು ಹೋಗಿ ಚಹಾದ ಲೋಟ ತೊಳೆದಿಟ್ಟರು.

ಅಧ್ಯಕ್ಷರ ಕಣ್ಣಿಗೆ ಆಂಟಿ ಬಿದ್ದದ್ದು ನಮ್ಮ ಮನೆಯ ಸತ್ಯನಾರಾಯಣ ಪೂಜೆಯ ದಿನ. ಪ್ರಸಾದದ ಬಟ್ಟಲು ಹಿಡಿದು ಕೂತಿದ್ದ ಆಂಟಿಯನ್ನು ಅವರು ಮತ್ತೆ ಮತ್ತೆ ನೋಡಿದರು. ಮಧ್ಯಾಹ್ನದ ಹೊತ್ತು ಟೀವಿಯಲ್ಲಿ ಬರುವ ಹಳೆಯ ಚಿತ್ರಗಳ ಹುಚ್ಚು ಅವರಿಗೆ. ಗುರುತು ಹತ್ತಿತು. "ಏನ್ ಮೇಡಂ, ಫಿಲ್ಮ್ ಸ್ಟಾರ್‌ನ ಮನೇಲಿಟ್ಕೊಂಡು ನಮಗೆ ಹೇಳ್ಲೇ ಇಲ್ವಲ್ಲ. ರಾಜ್ಯೋತ್ಸವಕ್ಕೆ ಇವರಿಗೇ ಸನ್ಮಾನ ಮಾಡೋಣ," ಎಂದರು. ನಮ್ಮವರಿಗೆ ಯಾರಾದರೂ ದೊಡ್ಡವರು ಕಂಡರೆ ಸಾಕು, ಒಂದು ಶಾಲು ಹೊದಿಸದೆ ಕೈ ಸುಮ್ಮನಿರುವುದಿಲ್ಲ.

ಆಂಟಿ ಕೂಡಲೇ ಒಪ್ಪಲಿಲ್ಲ. ಯೋಚಿಸಿ, ಕೆಲವು ದಿನದ ನಂತರ ನಮ್ಮ ಮನೆಗೆ ಬಂದರು. "ನಾನು ಎಲ್ಲಿಯವಳು ಎಂಬುದನ್ನು ಸರಿಯಾಗಿ ಹೇಳಬೇಕು. ಶಿಬಿರದ ವಿಷಯ, ಕಾರ್ಖಾನೆಯ ವಿಷಯ ನಾನೇ ಹೇಳುತ್ತೇನೆ, ನನ್ನ ದನಿಯಲ್ಲಿ. ಇಷ್ಟು ವರ್ಷದಲ್ಲಿ ಒಬ್ಬರೂ ನನಗೆ ವೇದಿಕೆ ಕೊಟ್ಟು ನೀನೇ ಮಾತಾಡು ಅಂದಿಲ್ಲ. ನೀನು ಮಾತು ಕೊಟ್ಟರೆ ಬರುತ್ತೇನೆ," ಎಂದರು. ನಾನು ಅಧ್ಯಕ್ಷರಿಗೆ ಫೋನು ಮಾಡಿದೆ. "ಖಂಡಿತಾ ಮೇಡಂ, ಅವರ ಬಗ್ಗೆ ನೀವೇ ಬರ್ಕೊಡಿ, ನಾನು ಓದ್ತೀನಿ," ಎಂದರು. ಬರೆದು ಕೊಟ್ಟೆ. ಆ ವಾರವೆಲ್ಲ ಕೆಳಗಿನ ಮನೆಯಿಂದ ಆಂಟಿಯ ದನಿ ಕೇಳಿಬರುತ್ತಿತ್ತು, ಒಂದೇ ವಾಕ್ಯ ನಾಲ್ಕಾರು ರೀತಿಯಲ್ಲಿ. ನನಗೆ ಕೇಳಿ ಕೇಳಿ ಮೊದಲ ಸಾಲು ಬಾಯಿಪಾಠವಾಗಿತ್ತು: ನಾನು ಬೀನ್ಸ್ ವಾಸನೆಯ ಊರಿನಲ್ಲಿ ಬೆಳೆದವಳು.

ಕಾರ್ಯಕ್ರಮ ಒಂದು ಹೈಸ್ಕೂಲಿನ ಆಡಿಟೋರಿಯಮ್ಮಿನಲ್ಲಿ. ಜನ ಕಿಕ್ಕಿರಿದಿದ್ದರು. ನನ್ನ ಗಂಡ ಮೂರನೆಯ ಸಾಲಿನಲ್ಲಿ ಮಗಳ ಪಕ್ಕ ಕೂತು ನಮ್ಮ ಹೊಸ ಕ್ಯಾಮ್‌ಕಾರ್ಡರ್ ಹಿಡಿದಿದ್ದರು. ನಾಟಕ ಮುಗಿಸಿದ ನಾನು ಅದೇ ಕೆಲಸದವಳ ಸೀರೆಯಲ್ಲೇ ವೇದಿಕೆಯ ಮೇಲೆ ಆಂಟಿಯ ಪಕ್ಕ ನಿಂತೆ, ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಕಿವಿಯಲ್ಲಿ ಹೇಳಲು. ಆಂಟಿಗೆ ಮೈಸೂರು ಪೇಟ ತೊಡಿಸಿದರು, ಜರಿಯಂಚಿನ ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಹಣ್ಣಿನ ತಟ್ಟೆ ಕೊಟ್ಟರು. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಆಂಟಿ ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ನಕ್ಕರು. ಅಷ್ಟು ಸಂತೋಷವಾಗಿ ಅವರು ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ.

ಅಧ್ಯಕ್ಷರು ಓದತೊಡಗಿದರು. ನಾನು ಬರೆದದ್ದರಲ್ಲಿ ಒಂದು ಸಾಲೂ ಇರಲಿಲ್ಲ. ಉದಯರವಿಯ ನಾಡಿನ ಹೆಮ್ಮೆಯ ಪುತ್ರಿ, ಜಪಾನಿನ ಸಂಸ್ಕೃತಿಯನ್ನು ಅಮೆರಿಕಕ್ಕೆ ಹೊತ್ತು ತಂದ ತಾರೆ, ಜಪಾನಿಗೂ ಕರ್ನಾಟಕಕ್ಕೂ ಸೇತುವೆ. ಆಂಟಿಗೆ ಕನ್ನಡ ತಿಳಿಯದಿದ್ದರೂ ಜಪಾನ್ ಎಂಬುದು ಮತ್ತೆ ಮತ್ತೆ ಕಿವಿಗೆ ಬಿತ್ತು. ಅವರು ನನ್ನ ಕಡೆ ತಿರುಗಿದರು. ನಾನು ಅಧ್ಯಕ್ಷರ ಪಕ್ಕಕ್ಕೆ ಹೋಗಿ, ನಾನು ಬರೆದದ್ದು ಎಲ್ಲಿ ಎಂದು ಪಿಸುಗುಟ್ಟಿದೆ.

"ಅದು ತುಂಬ ಡ್ರೈ ಆಗಿತ್ತು ಮೇಡಂ. ನ್ಯೂಜೆರ್ಸಿಯವರಿಗೆ ಯಾರು ಚಪ್ಪಾಳೆ ಹೊಡೀತಾರೆ? ನಾವೆಲ್ರೂ ನ್ಯೂಜೆರ್ಸಿಯವರೇ," ಎಂದು ಮೈಕಿಗೆ ಕೈ ಅಡ್ಡ ಹಿಡಿದು ಹೇಳಿದರು. ಮತ್ತೆ ಮೈಕಿನಲ್ಲಿ ಇಂಗ್ಲಿಷಿಗೆ ತಿರುಗಿದರು. ಮೇಡಂ ಈಗ ಆ ಚಿತ್ರದಲ್ಲಿ ಮಾತಾಡಿದ ಹಾಗೇ, ಅದೇ ಮುದ್ದಾದ ಜಪಾನೀಸ್ ಆಕ್ಸೆಂಟಿನಲ್ಲಿ ನಮಗಾಗಿ ಎರಡು ಮಾತು ಆಡಬೇಕು ಎಂದರು. ಸಭೆ ಚಪ್ಪಾಳೆ ತಟ್ಟಿತು.

ನನಗೆ ತಲೆ ಕೆಟ್ಟುಹೋಯಿತು. ಮೈಕ್ ಕಿತ್ತುಕೊಂಡೆ. "ತಡೀರಿ. ಇದು ತಪ್ಪೈತ್ರಿ. ಇವ್ರು ಜಪಾನಿನವ್ರಲ್ಲ. ಇದ ದೇಶದಾಗ ಹುಟ್ಟಿ, ಇಲ್ಲೇ ಬೆಳದವ್ರು. ಸಣ್ಣಾಕಿದ್ದಾಗ ಇವ್ರನ್ನ ಜೈಲಿನ್ಯಾಗ ಹಾಕಿದ್ರು, ಬರೇ ಮಾರಿ ನೋಡಿ..."

ಮುಂದೆ ಹೇಳಲಾಗಲಿಲ್ಲ. ಸಭೆ ಗೊಳ್ಳೆಂದು ನಕ್ಕಿತು. ಮೈಮೇಲೆ ಅದೇ ಸೀರೆ, ಬಾಯಲ್ಲಿ ಅದೇ ಮಾತು, ನಾಟಕ ಇನ್ನೂ ಮುಗಿದಿಲ್ಲ ಎಂದುಕೊಂಡರು. "ಕೆಲಸದವ್ಳು ಮತ್ತೆ ಬಂದ್ಲು," ಎಂದು ಯಾರೋ ಕೂಗಿದರು, ಯಾರೋ ಸಿಳ್ಳೆ ಹಾಕಿದರು. ನಾನು ಜೋರಾಗಿ ಹೇಳಿದಷ್ಟೂ ನಗು ಜೋರಾಯಿತು. ಅಷ್ಟು ಜನರೆದುರು ನಿಜ ಹೇಳಿ ನಗೆಪಾಟಲಾದ ಆ ಗಳಿಗೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಧ್ಯಕ್ಷರು ಮಾತ್ರ ನಗುತ್ತಿರಲಿಲ್ಲ. "ಮೇಡಂ, ಮೈಕ್ ಕೊಡಿ," ಎಂದು ಹಲ್ಲು ಕಚ್ಚಿ ಹೇಳಿ, ಮೂರನೆಯ ಸಾಲಿನ ಕಡೆ ನೋಡಿದರು. ನನ್ನ ಗಂಡ ಕ್ಯಾಮೆರಾ ಹಿಡಿದುಕೊಂಡೇ ಅರ್ಧ ಎದ್ದಿದ್ದರು. ಅವರ ಮುಖದಲ್ಲಿ ರಕ್ತವಿರಲಿಲ್ಲ. ನಾನು ಕೊಡಲಿಲ್ಲ. ಇನ್ನೊಮ್ಮೆ ಬಾಯಿ ತೆರೆದೆ.

ಆಗ ಆಂಟಿಯ ಕೈ ನನ್ನ ಮಣಿಕಟ್ಟಿನ ಮೇಲೆ ಬಂತು. ಅವರು ಅಧ್ಯಕ್ಷರನ್ನು ನೋಡಿದರು, ನನ್ನ ಗಂಡನನ್ನು ನೋಡಿದರು, ನನ್ನನ್ನು ನೋಡಿದರು. ಗ್ರೀನ್ ಕಾರ್ಡಿನ ಗೋಳನ್ನು ನಾನು ಅವರ ಮುಂದೆ ಎಷ್ಟೋ ಸಲ ತೋಡಿಕೊಂಡಿದ್ದೆ. ಮೆಲ್ಲಗೆ ನನ್ನ ಬೆರಳು ಬಿಡಿಸಿ ಮೈಕ್ ತೆಗೆದುಕೊಂಡರು. ಹೆಗಲು ಇಳಿಬಿಟ್ಟರು, ಮೊಣಕಾಲು ತುಸು ಬಗ್ಗಿಸಿದರು, ಗದ್ದ ಎದೆಗೆ ತಾಗಿಸಿದರು. ನನ್ನ ಕಣ್ಣೆದುರೇ ಆಂಟಿ ಹೋಗಿ ಬೇರೆ ಯಾರೋ ಬಂದು ನಿಂತರು. ಆಮೇಲೆ ಆ ದನಿ ಬಂತು. ತೆಳ್ಳಗೆ, ಎಳೆಯದಾಗಿ, ಇಂಗ್ಲಿಷಿನ ಒಂದೊಂದು ಮಾತಿಗೂ ಎಡವುತ್ತ, ದೊಡ್ಡವರೆಲ್ಲ ಈ ಬಡ ಜಪಾನೀ ಹೆಣ್ಣಿಗೆ ಇಷ್ಟು ಗೌರವ ಕೊಟ್ಟಿರಲ್ಲ ಎಂದು ಸೊಂಟ ಬಗ್ಗಿಸಿ ನಮಸ್ಕರಿಸಿತು. ನನ್ನ ಕಡೆ ಬೆರಳು ತೋರಿಸಿ, ನನ್ನ ಕೆಲಸದವಳು ಬಹಳ ತಂಟೆಯವಳು, ಕ್ಷಮಿಸಿ ಎಂದಿತು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಧ್ಯಕ್ಷರ ಮುಖ ಅರಳಿತು. ನಾನು ಮಾಡಿದ್ದೂ ಕಾರ್ಯಕ್ರಮದ ಭಾಗವೇ ಎಂಬಂತೆ ನನ್ನ ಬೆನ್ನು ತಟ್ಟಿ, "ಸೂಪರ್ ಕಾಮಿಡಿ ಮೇಡಂ," ಎಂದರು.

ಮನೆಗೆ ಬರುವಾಗ ಪಾರ್ಕ್‌ವೇ ಹೆದ್ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ ನಾನು ಆಂಟಿಯ ಪಕ್ಕ ಕೂತಿದ್ದೆ. ಪೇಟವನ್ನು ಆಂಟಿ ತೊಡೆಯ ಮೇಲಿಟ್ಟುಕೊಂಡಿದ್ದರು. ಕೊನೆಗೆ ನಾನೇ ಕೇಳಿದೆ, "ಯಾಕೆ ಮಾಡಿದಿರಿ ಆಂಟಿ? ನಿಮ್ಮ ಮಾತು ಹೇಳಬಹುದಿತ್ತು."

"ಹೇಳಬಹುದಿತ್ತು. ಆದರೆ ಅಂಥ ಗಂಡಸರ ಜೊತೆ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ನಗಿಸಿಬಿಟ್ಟರೆ ಸಿಟ್ಟು ಬಂದದ್ದನ್ನೇ ಮರೆಯುತ್ತಾರೆ," ಎಂದರು. ಪೇಟದ ಜರಿಯನ್ನು ಬೆರಳಲ್ಲಿ ಸವರುತ್ತ, "ಅವನು ಸಹಿ ಹಾಕುತ್ತಾನೆ ಬಿಡು," ಎಂದರು.

ಡ್ರೈವ್ ಮಾಡುತ್ತಿದ್ದ ನನ್ನ ಗಂಡ ಕನ್ನಡಿಯಲ್ಲಿ ಅವರನ್ನೊಮ್ಮೆ ನೋಡಿ, ಕಣ್ಣು ತೆಗೆದು ರಸ್ತೆ ನೋಡಿದರು. ಮನೆಗೆ ಬಂದ ಮೇಲೆ, "ನೀ ಯಾಕ ಎದ್ದು ಮಾತಾಡಿದಿ ಅಂತ ನಾ ಕೇಳೂದಿಲ್ಲ. ನಾನರ ಏನ್ ಮಾಡ್ದೆ, ಕ್ಯಾಮೆರಾ ಹಿಡ್ಕೊಂಡು ನಿಂತೆ," ಎಂದರು.

ಅಧ್ಯಕ್ಷರು ಸಹಿ ಹಾಕಲಿಲ್ಲ. ಹಾಕಲು ಮನಸ್ಸಿಲ್ಲದೆ ಅಲ್ಲ, ಅಷ್ಟರಲ್ಲಿ ಕಂಪನಿಯೇ ಮುಳುಗಿತು. ವೈ-ಟು-ಕೆ ಮುಗಿದು, ಇಂಟರ್ನೆಟ್ ವ್ಯಾಪಾರದ ಡಾಟ್‌ಕಾಮುಗಳು ಒಂದೊಂದಾಗಿ ಬಾಗಿಲು ಹಾಕಿ, ಕೋಬಾಲಿನವರನ್ನು ಕೇಳುವವರಿಲ್ಲದಂತಾಯಿತು. ಮಿಠಾಯಿ ಅಂಗಡಿಯ ಮೇಲಿನ ಕೋಣೆಗಳಿಗೆ ಟ್ರಾವೆಲ್ ಏಜೆಂಟ್ ಬಂದ. ನನ್ನ ಗಂಡ ಬಹಳ ಕಾಲ ಕೆಲಸವಿಲ್ಲದೆ ಕೂತಿದ್ದು, ಆಮೇಲೆ ಕ್ರ್ಯಾನ್‌ಬರಿಯ ಗೋದಾಮುಗಳ ನಡುವಿನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿ, ಹೊಸ ಕಂಪನಿಯಲ್ಲಿ ಗ್ರೀನ್ ಕಾರ್ಡಿನ ಸಾಲಿನ ಕೊನೆಗೆ ಹೋಗಿ ನಿಂತರು. ನಾವು ಅಪಾರ್ಟ್‌ಮೆಂಟ್ ಖಾಲಿ ಮಾಡುವಾಗ ಆಂಟಿ ಕೆಳಗೆ ನಿಂತು ಮಗಳನ್ನು ತಬ್ಬಿಕೊಂಡರು. ಪೇಟವನ್ನು ಮಗಳ ತಲೆಗೆ ಇಟ್ಟರು. ನಾನು ಕೊಟ್ಟ ರೊಟ್ಟಿಯ ಡಬ್ಬ ಇಸಿದುಕೊಂಡರು. ನಾನಂತೂ ಬಿಕ್ಕಿ ಬಿಕ್ಕಿ ಅತ್ತೆ.

ಆ ರಾಜ್ಯೋತ್ಸವದ ನಂತರ ನಾನು ಕೂಟದ ನಾಟಕಕ್ಕೆ ಹೋಗಿಲ್ಲ. ಮರುವರ್ಷ ಅದೇ ಪಾತ್ರಕ್ಕೆ ಕರೆ ಬಂದಾಗ, ನಮ್ಮ ಭಾಷೆಯಲ್ಲಿ ಯಜಮಾನಿಯ ಪಾತ್ರವಿದ್ದರೆ ಹೇಳಿ ಎಂದೆ. ಅತ್ತ ಕಡೆಯವರು ನಕ್ಕು ಫೋನಿಟ್ಟರು.

ಆಂಟಿ ತೀರಿಕೊಂಡ ಸುದ್ದಿಯನ್ನು ಕೆಲವು ವರ್ಷದ ನಂತರ ಸ್ಥಳೀಯ ಪತ್ರಿಕೆಯಲ್ಲಿ ಓದಿದೆ. ಚಿಕ್ಕ ಸುದ್ದಿ. ಹುಟ್ಟಿದ್ದು, ಶಿಬಿರ, ಕಾರ್ಖಾನೆ, ಚಿತ್ರಗಳು ಎಲ್ಲ ಸರಿಯಾಗಿತ್ತು. ತಾಯಿ ಸತ್ತ ಮೇಲೆ ತೆರೆಯಿಂದ ದೂರವಾದರು, ಮತ್ತೆಂದೂ ಕ್ಯಾಮೆರಾದ ಮುಂದೆ ಅಭಿನಯಿಸಲಿಲ್ಲ ಎಂಬಲ್ಲಿಗೆ ಸುದ್ದಿ ಮುಗಿದಿತ್ತು.

ಅದೊಂದು ಮಾತು ತಪ್ಪು. ಅವರ ಕೊನೆಯ ಚಿತ್ರ ನಮ್ಮ ಮನೆಯ ಕಪಾಟಿನಲ್ಲಿದೆ, ಮಗಳ ಹುಟ್ಟುಹಬ್ಬದ ಕ್ಯಾಸೆಟ್ಟುಗಳ ಕೆಳಗೆ. ಅದರಲ್ಲಿ ಪೇಟ ತೊಟ್ಟ ಆಂಟಿ ಮೈಕಿನ ಮುಂದೆ ಹೆಗಲು ಇಳಿಬಿಟ್ಟು ಸಣ್ಣಗಾಗುವುದು ಕಾಣುತ್ತದೆ. ಆ ದನಿ ಶುರುವಾಗುತ್ತದೆ, ಸಭೆ ನಗುತ್ತದೆ. ಕ್ಯಾಮೆರಾದ ಹತ್ತಿರವೇ ಕೂತಿದ್ದ ನನ್ನ ಮಗಳ ದನಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳುತ್ತದೆ. "ಅಪ್ಪಾ, ವೈ ಈಸ್ ಆಂಟಿ ಟಾಕಿಂಗ್ ಲೈಕ್ ದ್ಯಾಟ್?" ಎಂದು ಕೇಳುತ್ತಾಳೆ. ಇನ್ನೊಮ್ಮೆ ಕೇಳುತ್ತಾಳೆ.